ಬ್ಯಾನ್ ಮಾಡದೆಯೇ ಮುಚ್ಚಿದ ಪೇಪರ್

ಚೀನಾ ಸರ್ಕಾರವನ್ನು ಟೀಕಿಸುತ್ತಿದ್ದ ಹಾಂಗ್‌ಕಾಂಗ್‌ನ ದಿನಪತ್ರಿಕೆ ‘ಆಪಲ್ ಡೈಲಿ’ಯನ್ನು ಸರ್ಕಾರ ಬ್ಯಾನ್ ಮಾಡಿತು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಮಾಡಲಿಲ್ಲ. ಪೇಪರ್ ಅಚ್ಚು ಹಾಕಬಾರದು ಅಂತ ಯಾವ ಆದೇಶವೂ ಬರಲಿಲ್ಲ.

2021ರ ಜೂನ್ 17ರಂದು ಸುಮಾರು 500 ಪೊಲೀಸರು ಕಚೇರಿಗೆ ನುಗ್ಗಿದರು. ಪ್ರಧಾನ ಸಂಪಾದಕರೂ ಸೇರಿ ಐದು ಜನರನ್ನು ಬಂಧಿಸಿದರು, ಕಂಪ್ಯೂಟರ್‌ಗಳನ್ನು ಹೊತ್ತೊಯ್ದರು. ಆದರೂ ಮಾರನೇ ದಿನ ಪೇಪರ್ ಬಂತು, ಅದೂ 5 ಲಕ್ಷ ಪ್ರತಿ! ನಿಜವಾದ ಪೆಟ್ಟು ಬಿದ್ದಿದ್ದು ಬ್ಯಾಂಕಿನಲ್ಲಿ. ಚೀನಾ 2020ರಲ್ಲಿ ಅಲ್ಲಿಗೆ ತಂದ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಪತ್ರಿಕೆಯ ಮೂರು ಕಂಪನಿಗಳ 1.8 ಕೋಟಿ ಹಾಂಗ್‌ಕಾಂಗ್ ಡಾಲರ್ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು. ಇರೋ ದುಡ್ಡು ತೆಗೆಯೋ ಹಾಗಿಲ್ಲ, ಯಾರಾದರೂ ಹಾಕೋಣ ಅಂದ್ರೆ ಖಾತೆಗೆ ಹೋಗ್ತಿಲ್ಲ. ಸಂಬಳ ಎಲ್ಲಿಂದ ಕೊಡೋದು? ಒಂದೇ ವಾರ. ಜೂನ್ 24ರಂದು ಕೊನೇ ಸಂಚಿಕೆ, 10 ಲಕ್ಷ ಪ್ರತಿ. ಮಧ್ಯರಾತ್ರಿ ಮಾಂಗ್ ಕಾಕ್‌ನ ಪೇಪರ್ ಅಂಗಡಿ ಮುಂದೆ ಜನ ಕ್ಯೂ ನಿಂತು ಕೊಂಡರು.

‘ಓದುಗರು ದುಡ್ಡು ಕೊಟ್ಟರೆ ಮಾಧ್ಯಮ ಸ್ವತಂತ್ರವಾಗಿ ಇರುತ್ತೆ’ ಅಂತ ನಾವೆಲ್ಲ ಹೇಳ್ತೀವಲ್ಲ, ಅದಕ್ಕೇ ಈ ಕಥೆ ನನ್ನನ್ನು ಕಾಡೋದು. ಅಲ್ಲಿ ಓದುಗರು ಕೊಟ್ಟಿದ್ದರು. ದೊಡ್ಡ ಕಂಪನಿಗಳ ಜಾಹೀರಾತು ಎಷ್ಟೋ ವರ್ಷದ ಹಿಂದೆಯೇ ಕಮ್ಮಿಯಾಗಿತ್ತು, ಆಗಲೂ ಪೇಪರ್ ನಡೀತು. 2020ರ ಆಗಸ್ಟ್‌ನಲ್ಲಿ ಮೊದಲ ದಾಳಿ ಆಗಿ ಮಾಲೀಕ ಜಿಮ್ಮಿ ಲಾಯ್ ಅವರನ್ನು ಬಂಧಿಸಿದಾಗ ಜನ ರಾಶಿ ರಾಶಿ ಪೇಪರ್ ಕೊಂಡರು, ಕಂಪನಿಯ ಷೇರನ್ನೂ ಕೊಂಡರು, ಎರಡೇ ದಿನಕ್ಕೆ ಷೇರಿನ ಬೆಲೆ ಹತ್ತು ಪಟ್ಟಿಗಿಂತ ಜಾಸ್ತಿ ಏರಿತು. ಓದುಗರ ಪ್ರೀತಿ, ದುಡ್ಡು ಎರಡೂ ಇತ್ತು. ಖಾತೆಯ ಬೀಗ ಮಾತ್ರ ಬೇರೆಯವರ ಕೈಯಲ್ಲಿತ್ತು.

ಹಾಗಂತ ಅದೇನು ಘನಗಂಭೀರ ಪತ್ರಿಕೆ ಅಂದ್ಕೋಬೇಡಿ. ಸಿನಿಮಾ ಮಂದಿಯ ಗಾಸಿಪ್, ಕುದುರೆ ರೇಸು, ರಕ್ತಸಿಕ್ತ ಅಪರಾಧ ಸುದ್ದಿ, ಎಲ್ಲ ಇತ್ತು. 1998ರಲ್ಲಿ ಒಬ್ಬ ಮನುಷ್ಯನಿಗೆ ದುಡ್ಡು ಕೊಟ್ಟು ಅಸಹ್ಯ ಫೋಟೊ ತೆಗೆಸಿ ಸಿಕ್ಕಿಬಿದ್ದು ಮುಖಪುಟದಲ್ಲೇ ಕ್ಷಮೆ ಕೇಳಿತ್ತು. ಲಾಯ್ ಕೂಡ ಬಟ್ಟೆ ವ್ಯಾಪಾರಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಚೀನಾದಿಂದ ದೋಣಿಯಲ್ಲಿ ಕದ್ದುಮುಚ್ಚಿ ಬಂದು ಫ್ಯಾಕ್ಟರಿಯಲ್ಲಿ ದುಡಿದು ಮೇಲೆ ಬಂದವರು. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಪ್ರತಿಭಟನಾಕಾರರ ಹತ್ಯಾಕಾಂಡ ಆದಮೇಲೆ ಪತ್ರಿಕೋದ್ಯಮಕ್ಕೆ ಬಂದರು. ನನ್ನ ಪ್ರಕಾರ ಇಂಥ ಗಲಾಟೆ ಪೇಪರಿಗೇ ಸ್ವಾತಂತ್ರ್ಯ ಬೇಕಾಗೋದು. ತೂಕದ ಮಾತಾಡೋ ಪತ್ರಿಕೆಗಳನ್ನು ಸಹಿಸಿಕೊಳ್ಳೋದು ಯಾವ ಸರ್ಕಾರಕ್ಕೂ ಅಷ್ಟೇನೂ ಕಷ್ಟ ಅಲ್ಲ.

ನಮ್ಮ ತುರ್ತುಪರಿಸ್ಥಿತಿ ನೆನಪಾಗುತ್ತೆ. 1975ರ ಜೂನ್‌ನಲ್ಲಿ ದೆಹಲಿಯ ಪತ್ರಿಕಾ ಕಚೇರಿಗಳಿಗೆ ಕರೆಂಟ್ ತೆಗೆದಿದ್ದರು. ಆಮೇಲೆ ಸೆನ್ಸಾರ್ ಅಧಿಕಾರಿ ಬಂದು ಕೂತ. ಆಗ ಸಂಪಾದಕೀಯದ ಜಾಗ ಖಾಲಿ ಬಿಟ್ಟು ಓದುಗರಿಗೆ ಸೂಚನೆ ಕೊಡಬಹುದಿತ್ತು. ಖಾತೆಗೆ ಬೀಗ ಬಿದ್ದರೆ ಖಾಲಿ ಬಿಡೋಕೂ ಪೇಪರ್ ಇರಲ್ಲ.

ಹಾಂಗ್‌ಕಾಂಗ್‌ನ ಉಳಿದ ಮಾಧ್ಯಮಗಳಿಗೆ ಬೇರೆ ಪಾಠ ಬೇಕಾಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ‘ಸ್ಟ್ಯಾಂಡ್ ನ್ಯೂಸ್’ ಅನ್ನೋ ಆನ್‌ಲೈನ್ ಸುದ್ದಿತಾಣದ ಮೇಲೆ ದಾಳಿ ಆಯ್ತು, ಅದೇ ದಿನ ಮುಚ್ಚಿತು. ಕೆಲವೇ ದಿನದಲ್ಲಿ ಇನ್ನೊಂದು ತಾಣ ‘ಸಿಟಿಜನ್ ನ್ಯೂಸ್’ ದಾಳಿಗೆ ಕಾಯದೆ ತಾನೇ ಬಾಗಿಲು ಹಾಕಿತು. 2023ರಲ್ಲಿ ‘ಮಿಂಗ್ ಪಾವೋ’ ಪತ್ರಿಕೆ ನಲವತ್ತು ವರ್ಷದಿಂದ ಬರುತ್ತಿದ್ದ ವ್ಯಂಗ್ಯಚಿತ್ರಕಾರ ಜುನ್‌ಜಿಯ ಕಾರ್ಟೂನನ್ನು ನಿಲ್ಲಿಸಿತು. ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಪಟ್ಟಿಯಲ್ಲಿ 2021ರಲ್ಲಿ 80ನೇ ಜಾಗದಲ್ಲಿದ್ದ ಊರು ಮರುವರ್ಷ 148ಕ್ಕೆ ಇಳಿಯಿತು.

‘ಹಾಂಗ್‌ಕಾಂಗ್ ಫ್ರೀ ಪ್ರೆಸ್’ನಂಥ ಒಂದೆರಡು ಚಿಕ್ಕ ತಂಡಗಳು ಓದುಗರ ದೇಣಿಗೆಯಲ್ಲಿ ಇನ್ನೂ ನಡೆಯುತ್ತಿವೆ. 2025ರಲ್ಲಿ ಅಲ್ಲಿನ ಪತ್ರಕರ್ತರ ಸಂಘ ಒಂದು ವಿಷಯ ಹೊರಗೆ ಹಾಕಿತು. ಹಲವು ಸ್ವತಂತ್ರ ಮಾಧ್ಯಮಗಳಿಗೆ, ಅವುಗಳ ಪತ್ರಕರ್ತರಿಗೆ, ಕೆಲವರ ಮನೆಯವರಿಗೂ ಆಧಾರವೇ ಇಲ್ಲದ ತೆರಿಗೆ ತಪಾಸಣೆ ಶುರುವಾಗಿದೆ ಅಂತ. ತೆರಿಗೆ ಇಲಾಖೆ ಮಾತ್ರ, ಎಲ್ಲ ನಿಯಮದ ಪ್ರಕಾರವೇ ನಡೀತಿದೆ ಅನ್ನುತ್ತೆ.