ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಮತ್ತು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು

ಐದನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಾನು ಪಾಠ ಹೇಳುವ ಕಾಲೇಜಿನಲ್ಲಿ ಎಂ.ಎಸ್. (ಸ್ನಾತಕೋತ್ತರ ಪದವಿ) ಮಾಡಲು ಹೊರದೇಶಕ್ಕೆ ಹೋಗುವ ಮಾತು ಶುರುವಾಗುತ್ತದೆ. ಜರ್ಮನಿಯ ಹೆಸರು ಹೆಚ್ಚಾಗಿ ಕನ್ಸಲ್ಟೆನ್ಸಿಗಳ ಕರಪತ್ರದ ಮೂಲಕವೇ ಅವರಿಗೆ ತಲುಪುತ್ತದೆ. ಆ ಕರಪತ್ರದಲ್ಲಿರುವುದು ವರ್ಷಕ್ಕೆ ಹತ್ತು ಸಾವಿರ ಯೂರೋಗೂ ಮೀರಿ ಶುಲ್ಕ ಕೇಳುವ ಖಾಸಗಿ ಸಂಸ್ಥೆಗಳ ಪಟ್ಟಿ. ಅದೇ ದೇಶದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲವೆಂಬುದು ತಿಳಿಯದೆ, ಹೊಲ ಅಡವಿಟ್ಟು ಸಾಲ ಮಾಡಲು ಸಿದ್ಧರಾಗುವ ತಂದೆತಾಯಿಗಳನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಖಾಸಗಿ ಸಂಸ್ಥೆಗಳು ವಿದ್ಯಾರ್ಥಿಯನ್ನು ಕರೆತಂದವರಿಗೆ ಕಮಿಷನ್ ಕೊಡುತ್ತವೆ, ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಯಾವ ಹೆಸರು ಪಟ್ಟಿಯ ಮೇಲೆ ಬರುತ್ತದೆ ಎಂಬುದನ್ನು ಇದಿಷ್ಟೇ ನಿರ್ಧರಿಸುತ್ತದೆ.

ಜರ್ಮನಿಯಲ್ಲಿ ಉನ್ನತ ಶಿಕ್ಷಣ ರಾಜ್ಯಗಳ ಹೊಣೆ. 2005ರ ಸಂವಿಧಾನ ನ್ಯಾಯಾಲಯದ ತೀರ್ಪಿನ ನಂತರ ಕೆಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋವರೆಗೆ ಶುಲ್ಕ ವಿಧಿಸಿದವು. ಜನರ ವಿರೋಧ ಬಲವಾದಂತೆ ಒಂದೊಂದಾಗಿ ಅದನ್ನು ಕೈಬಿಟ್ಟವು, ಕೊನೆಯದಾಗಿ 2014ರಲ್ಲಿ ನೀಡರ್‌ಸಾಕ್ಸನ್ ರಾಜ್ಯವೂ ಕೈಬಿಟ್ಟಿತು. ಆದರೆ ಈ ಚಿತ್ರ ಈಗ ಮತ್ತೆ ಬದಲಾಗುತ್ತಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ, ಹೈಡೆಲ್‌ಬರ್ಗ್ ನಗರಗಳಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊರದೇಶದ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸಿದೆ. ಸ್ನಾತಕೋತ್ತರ ಕೋರ್ಸ್‌ಗಳಿಗೆ ಅದು ಸೆಮಿಸ್ಟರಿಗೆ 4,000ದಿಂದ 6,000 ಯೂರೋ. ಆದ್ದರಿಂದ ಅಣ್ಣಂದಿರೋ ಅಕ್ಕಂದಿರೋ ಹಿಂದಿನ ಯಾವುದೋ ವರ್ಷದ ಅನುಭವದಿಂದ ಹೇಳಿದ್ದನ್ನು ನಂಬಿ ಕೂರದೆ, ಆಯಾ ವಿಶ್ವವಿದ್ಯಾಲಯದ ಸ್ವಂತ ಪುಟವನ್ನೇ ಓದುವುದು ಅಗತ್ಯ. ಸಂಸ್ಥೆಗೆ ಮಾನ್ಯತೆ ಇದೆಯೇ ಎಂಬುದನ್ನು ಅನಾಬಿನ್ ಎಂಬ ಸರ್ಕಾರಿ ದತ್ತಾಂಶ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಎಚ್ ಪ್ಲಸ್ ಎಂಬ ಗುರುತಿದ್ದರೆ ಮಾನ್ಯತೆ ಇದೆ ಎಂದರ್ಥ.

ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ವೀಸಾ ಸಿಗಬೇಕಾದರೆ ಮೊದಲ ವರ್ಷದ ಜೀವನವೆಚ್ಚವನ್ನು ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಬಹುದಾದ ಖಾತೆಯಲ್ಲಿ, ಮುಂಚಿತವಾಗಿಯೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ ಬರುತ್ತದೆ. ಹಣ ವಿದ್ಯಾರ್ಥಿಯದೇ, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಅವರ ಕೈಗೇ ಬರುತ್ತದೆ; ಆದರೆ ಒಟ್ಟಿಗೆ ಹೊಂದಿಸಬೇಕಾದದ್ದು ಮನೆಯವರು. ಇದರ ಜೊತೆಗೆ ಸೆಮಿಸ್ಟರ್ ವಂತಿಗೆ, ಕಡ್ಡಾಯ ಆರೋಗ್ಯ ವಿಮೆ, ಮತ್ತು ನಮ್ಮ ಅಂಕಪಟ್ಟಿಗಳು ಅಸಲಿಯೆಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರದ 18,000 ರೂಪಾಯಿ. ಈ ಪ್ರಮಾಣಪತ್ರ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿದೆ.

ಹಣದ ವಿಚಾರಕ್ಕಿಂತಲೂ ಹೆಚ್ಚು ಅರ್ಜಿಗಳು ಬಿದ್ದುಹೋಗುವುದು ಪಠ್ಯಕ್ರಮದ ಹೊಂದಾಣಿಕೆಯಲ್ಲಿ ಎಂಬುದು ನನ್ನ ಅನುಭವ. ಅಲ್ಲಿ ಸ್ನಾತಕೋತ್ತರ ಪ್ರವೇಶವೆಂದರೆ, ಅರ್ಜಿದಾರ ಪದವಿಯಲ್ಲಿ ಓದಿದ್ದು ಅಲ್ಲಿನ ಪದವಿಗೆ ವಿಷಯವಾರು ಎಷ್ಟು ಸಮನಾಗಿದೆ ಎಂದು ಅಳೆಯುವ ಕೆಲಸ. ಕಂಪ್ಯೂಟರ್ ಸೈನ್ಸ್ ಕೋರ್ಸ್‌ನವರು ಗಣಿತದಲ್ಲಿ ಇಷ್ಟು ಕ್ರೆಡಿಟ್, ಗಣನ ಸಿದ್ಧಾಂತದಲ್ಲಿ ಇಷ್ಟು ಕ್ರೆಡಿಟ್ ಇರಲೇಬೇಕೆಂದು ಮೊದಲೇ ಬರೆದಿರುತ್ತಾರೆ. ಮೆಕ್ಯಾನಿಕಲ್ ಓದಿ, ಆನ್‌ಲೈನಿನಲ್ಲಿ ಪೈಥಾನ್ ಕಲಿತ ಜಾಣ ಹುಡುಗಿಗೆ ಒಂಬತ್ತರ ಮೇಲೆ ಸಿಜಿಪಿಎ ಇದ್ದರೂ ಅಲ್ಲಿ ಬಾಗಿಲು ತೆರೆಯದಿರಬಹುದು. ಅದೇ ಹುಡುಗಿ ಮೆಕಟ್ರಾನಿಕ್ಸ್ ಅಥವಾ ಕಂಪ್ಯುಟೇಶನಲ್ ಮೆಕ್ಯಾನಿಕ್ಸ್ ಕೋರ್ಸ್‌ಗೆ ಅರ್ಜಿ ಹಾಕಿದರೆ ಅವಕಾಶ ಎಷ್ಟೋ ಹೆಚ್ಚು. ಅಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್‌ಗಳ ಲೆಕ್ಕವಿರುವುದರಿಂದ ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕ್ರೆಡಿಟ್‌ಗಳನ್ನು ನೇರವಾಗಿ ಎದುರಿಗಿಟ್ಟು ಹೋಲಿಸಲಾಗದು. ಪ್ರತಿ ವಿಷಯದ ಪಠ್ಯಕ್ರಮದ ಪುಟಗಳನ್ನು ಜೋಡಿಸಿ, ಪ್ರತಿ ವಿಷಯದ ವಿವರವಿರುವ ಅವರ ಮಾಡ್ಯೂಲ್ ಕೈಪಿಡಿಯ ಪಕ್ಕದಲ್ಲಿಟ್ಟು ನೋಡಬೇಕು. ಈ ಕೆಲಸ ಬೇಸರದ್ದು, ಆದರೆ ವಿದ್ಯಾರ್ಥಿ ತಾನೇ ಕೂತು ಮಾಡಬೇಕಾದದ್ದು ಇದೊಂದೇ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತಾನು ಮುಂದಿನ ಎರಡು ವರ್ಷ ಏನನ್ನು ಓದಲಿದ್ದೇನೆ ಎಂಬುದೂ ಆಗಲೇ ತಿಳಿಯುತ್ತದೆ.

ಅಂಕಗಳನ್ನು ಅವರು ತಮ್ಮ ಅಳತೆಗೆ ಪರಿವರ್ತಿಸಿಕೊಳ್ಳುತ್ತಾರೆ. ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡುವುದು ಬವೇರಿಯನ್ ಸೂತ್ರ. ಇಲ್ಲಿ ಪಾಸಾಗಲು ಹತ್ತಕ್ಕೆ 4 ಬೇಕು ಎಂದು ಇಟ್ಟುಕೊಂಡರೆ ಹತ್ತಕ್ಕೆ 8.5 ಪಡೆದವರ ಅಂಕ 1.75 ಆಗುತ್ತದೆ. ಅಲ್ಲಿ 1 ಅತ್ಯುತ್ತಮ, 4 ಕೇವಲ ಪಾಸ್. ಅನೇಕ ಕೋರ್ಸ್‌ಗಳು 2.5ಕ್ಕಿಂತ ಉತ್ತಮ ಅಂಕ ಕೇಳುತ್ತವೆ.

ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ಹೊರದೇಶದವರಿಗೆ ಅರ್ಜಿಯ ಕೊನೆಯ ದಿನ ಹಲವು ಕಡೆ ಮಾರ್ಚಿನಿಂದ ಮೇ ಒಳಗೇ ಬರುತ್ತದೆ. ಬೆಳಗಾವಿಯ ವಿಟಿಯು ಕಚೇರಿಯಿಂದ ಟ್ರಾನ್ಸ್‌ಕ್ರಿಪ್ಟ್, ಎಪಿಎಸ್, ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಇವೆಲ್ಲಕ್ಕೂ ತಿಂಗಳುಗಟ್ಟಲೆ ಸಮಯ ಬೇಕಾಗುವುದರಿಂದ, ಏಳನೆಯ ಸೆಮಿಸ್ಟರಿನಲ್ಲಿ ಕಾಗದಪತ್ರ ಶುರು ಮಾಡಿದವರಿಗಷ್ಟೇ ಅದೇ ವರ್ಷ ಹೊರಡುವುದು ಸುಲಭ.

ಭಾಷೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ಕೋರ್ಸ್ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಜರ್ಮನ್ ಕಲಿಯದೆ ಹೋಗುವುದು ಅರ್ಧ ಸಿದ್ಧತೆ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿಯಿದೆ, ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅವಧಿಯೂ ಸಿಗುತ್ತದೆ. ಆದರೆ ಕಾರ್ಖಾನೆಯ ಎಂಜಿನಿಯರಿಂಗ್ ವಿಭಾಗದಲ್ಲಿ ವೆರ್ಕ್‌ಸ್ಟುಡೆಂಟ್ (ಓದುತ್ತಲೇ ಅರೆಕಾಲಿಕ ಕೆಲಸ ಮಾಡುವ ವಿದ್ಯಾರ್ಥಿ) ಆಗಬೇಕಾದರೆ ಭಾಷೆ ಬೇಕು, ಏಕೆಂದರೆ, ವಿಶೇಷವಾಗಿ ಸಣ್ಣ ಊರಿನ ಮಧ್ಯಮ ಗಾತ್ರದ ಕಂಪನಿಗಳಲ್ಲಿ, ಸಭೆಗಳು ಜರ್ಮನ್‌ನಲ್ಲೇ ನಡೆಯುತ್ತವೆ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನವಿದೆ. ಅಲ್ಲಿಗೆ ಹೋಗಲಾಗದ ಬಾಗಲಕೋಟೆ, ರಾಯಚೂರಿನ ಮಕ್ಕಳಿಗೆ ಆನ್‌ಲೈನ್ ತರಗತಿಗಳಿವೆ. ಐದನೆಯ ಸೆಮಿಸ್ಟರಿನಿಂದ ನಿಧಾನವಾಗಿ ಕಲಿತರೂ ವಿಮಾನ ಹತ್ತುವ ಹೊತ್ತಿಗೆ ದಿನನಿತ್ಯದ ಮಾತುಕತೆ ನಿಭಾಯಿಸಬಲ್ಲ ಬಿ1 ಮಟ್ಟ ತಲುಪುವುದು ಅಸಾಧ್ಯವಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಶಾಲೆಯಲ್ಲೇ ಕಲಿತ ಮಕ್ಕಳು ನಾಲ್ಕನೆಯದಕ್ಕೆ ಹೆದರುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಚಾರವನ್ನು ಪೋಷಕರಿಗೂ ತಿಳಿಸಿಡಬೇಕು. ಬ್ಯಾಕ್‌ಲಾಗ್ ಉಳಿಸಿಕೊಂಡು ಮುಂದಿನ ಸೆಮಿಸ್ಟರುಗಳಲ್ಲಿ ತೀರಿಸುವ ನಮ್ಮ ರೂಢಿ ಅಲ್ಲಿ ನಡೆಯದು. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ ವಿಷಯವೊಂದರ ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯದರಲ್ಲೂ ಅನುತ್ತೀರ್ಣರಾದರೆ ಆ ಕೋರ್ಸಿನಿಂದಲೇ ಹೆಸರು ತೆಗೆಯುತ್ತಾರೆ, ವೀಸಾ ಕೂಡ ತೊಡಕಿಗೆ ಸಿಲುಕುತ್ತದೆ.

ಹಣದ ನೆರವು ಅಗತ್ಯವಿರುವ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರಿಗಲ್ಲದೆ ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ತೆರೆದಿದೆ. ನೇಕಾರರ, ಕಮ್ಮಾರರ ಮನೆಯ ಮಕ್ಕಳಿಗೆ ಈ ಕೊನೆಯ ವಿಭಾಗದ ಸುದ್ದಿ ತಲುಪಿಸುವುದು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ನನ್ನ ಬಳಿ ಶಿಫಾರಸು ಪತ್ರ ಕೇಳಲು ಬರುವವರು ಮೂರು ಕಾಗದ ತರಲಿ: ಅರ್ಜಿ ಹಾಕಲಿರುವ ಕೋರ್ಸಿನ ಅರ್ಹತಾ ಷರತ್ತುಗಳ ಪುಟ, ವಿಷಯಗಳನ್ನು ತಾವೇ ಹೋಲಿಸಿ ಬರೆದ ಪಟ್ಟಿ, ತಮ್ಮ ಪ್ರಾಜೆಕ್ಟಿನ ವರದಿ. ಆ ಮೂರು ಎದುರಿಗಿದ್ದರೆ, ಯಾವ ವಿಷಯದಲ್ಲಿ ಆ ವಿದ್ಯಾರ್ಥಿಯ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೋ ಅದನ್ನೇ ಹಿಡಿದು, ಪ್ರವೇಶ ಸಮಿತಿಗೆ ಉಪಯೋಗವಾಗುವಂತಹ ಪತ್ರವನ್ನು ಬರೆಯಲು ಸಾಧ್ಯವಾಗುತ್ತದೆ.