ಟೊಂಕಾತ್ಸು ತಿನ್ನೋದು ಹೇಗೆ: ಜಪಾನಿಗೆ ಹೊರಟ ದಾವಣಗೆರೆಯವರಿಗೆ

ಮಂಡಕ್ಕಿ ಮೆತ್ತಗಾದ್ರೆ ಅದಕ್ಕೆ ಬೆಲೆಯಿಲ್ಲ ಅಂತ ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟೊಂಕಾತ್ಸುವಿನ ಕಥೆಯೂ ಅಷ್ಟೇ. ಹಂದಿ ಮಾಂಸದ ದಪ್ಪ ಹೋಳಿಗೆ ಮೈದಾ, ಮೊಟ್ಟೆ, ಬ್ರೆಡ್ಡಿನ ಪುಡಿ ಹಚ್ಚಿ ಕರಿದದ್ದು, ಅಷ್ಟರಲ್ಲಿ ವಿವರಣೆ ಮುಗೀತು. ಹೋಟೆಲಿನವರ ಪಾಡೆಲ್ಲ ಇರೋದು ಆ ಹೊರಪದರ ಬಾಯಿಗೆ ಹೋಗುವ ತನಕ ಗರಿಗರಿಯಾಗಿ ಉಳಿಯಲಿ ಅನ್ನೋದಕ್ಕೆ. ತಿನ್ನುವವರು ಅದನ್ನು ಎರಡೇ ನಿಮಿಷದಲ್ಲಿ ಕೆಡಿಸಬಹುದು. ಹೊಸಬರು ಕೆಡಿಸೋದೇ ಹೆಚ್ಚು, ಸಾಸಿನ ಪಾತ್ರೆ ಎತ್ತಿ ಮೇಲಿಂದ ಸುರಿದು.

ಎಲ್ಲಿ ತಿನ್ನಬೇಕು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟೋಕಿಯೊದ ಗಿಂಜಾದಲ್ಲಿ 1895ರಲ್ಲಿ ಶುರುವಾದ ರೆಂಗಾತೆಯಿ ಇದೆ, ಹಂದಿಯ ಕಟ್ಲೆಟ್ ಜೊತೆ ಹಸಿ ಎಲೆಕೋಸು ಕೊಡೋ ಪದ್ಧತಿಯನ್ನು ಅಲ್ಲಿಗೇ ಜೋಡಿಸಿ ಹೇಳ್ತಾರೆ. ಮೆಗುರೊದಲ್ಲಿ 1939ರ ಟೊಂಕಿ ಇದೆ, ಅಲ್ಲಿ ಅಡುಗೆಯೆಲ್ಲ ಕಣ್ಣೆದುರೇ ನಡೆಯುತ್ತೆ. ಅಓಯಾಮಾದ ಮೈಸೆನ್ ಹಳೇ ಸಾರ್ವಜನಿಕ ಸ್ನಾನಗೃಹದ ಕಟ್ಟಡದಲ್ಲಿದೆ. ಇಂಥ ಹೆಸರುವಾಸಿ ಜಾಗಗಳಲ್ಲಿ ಒಂದು ಊಟಕ್ಕೆ ಸುಮಾರು ಎರಡು ಸಾವಿರ ಯೆನ್ ಅಥವಾ ಮೇಲೆ. ಮಾತ್ಸುನೊಯಾದಂಥ ಅಗ್ಗದ ಸರಣಿ ಹೋಟೆಲಿನಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ದುಡ್ಡು ಹಾಕಿ ಟೋಕನ್ ತಗೊಂಡರೆ ಸಾವಿರ ಯೆನ್ ಒಳಗೇ ಊಟ ಆಗುತ್ತೆ, ಅದೂ ಕಳಪೆಯೇನಲ್ಲ. ಮಧ್ಯಾಹ್ನದ ಊಟ ರಾತ್ರಿಗಿಂತ ಅಗ್ಗ ಇರೋದು ಸಾಮಾನ್ಯ. ಟಿಪ್ಸ್ ಕೊಡೋ ರೂಢಿ ಅಲ್ಲಿಲ್ಲ. ಟೋಕನ್ ಇಲ್ಲದ ಕಡೆ ಬಿಲ್ ಹಿಡಿದು ಬಾಗಿಲ ಬಳಿಯ ಕೌಂಟರಿಗೆ ನೀವೇ ಹೋಗಬೇಕು.

ಮೆನುವಿನಲ್ಲಿ ಮುಖ್ಯವಾಗಿ ಎರಡು: ರೋಸು, ಹಿರೆ. ರೋಸು ಅಂದರೆ ಬೆನ್ನಿನ ಮಾಂಸ, ಒಂದು ಅಂಚಿನುದ್ದಕ್ಕೂ ಬಿಳಿ ಕೊಬ್ಬಿನ ಪಟ್ಟಿ ಇರುತ್ತೆ. ಹಿರೆ ಬೆನ್ನೆಲುಬಿನ ಒಳಬದಿಯ ಮೆತ್ತನೆ ಭಾಗ, ಕೊಬ್ಬಿಲ್ಲ, ಬೆಲೆ ಜಾಸ್ತಿ. ಕೊಬ್ಬು ಕಂಡರೆ ಪಕ್ಕಕ್ಕೆ ತಳ್ಳುವವರು ಹಿರೆ ತಗೊಳ್ಳಲಿ. ಮೊದಲ ಸಲಕ್ಕೆ ರೋಸುವೇ ಸರಿ, ರುಚಿ ಇರೋದು ಆ ಕೊಬ್ಬಿನ ಅಂಚಿನಲ್ಲಿ. ತೇಯಿಶೊಕು ಅಂತ ಹೇಳಿದರೆ ಅನ್ನ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಉಪ್ಪಿನಕಾಯಿ ಎಲ್ಲ ಸೇರಿ ಬರುತ್ತೆ. ಎಲೆಕೋಸನ್ನು ಎಷ್ಟು ಸಲ ಕೇಳಿದರೂ ಹಾಕುವ ಹೋಟೆಲುಗಳು ಬಹಳ, ಕೆಲವು ಕಡೆ ಅನ್ನ, ಸಾರೂ ಹಾಗೇ. ಕೇಳೋದಕ್ಕೆ "ಓಕವಾರಿ" ಅಂದರೆ ಸಾಕು.

ತಟ್ಟೆ ಬಂದಾಗ ಕಾತ್ಸುವಿನ, ಅಂದರೆ ಆ ಕರಿದ ಹೋಳಿನ, ಅಡಿ ನೋಡಿ. ಒಳ್ಳೆ ಕಡೆ ಸಣ್ಣ ತಂತಿಯ ಜಾಲರಿ ಇರುತ್ತೆ. ಬಿಸಿ ಮಾಂಸ ಹಬೆ ಬಿಡ್ತಾನೇ ಇರುತ್ತೆ. ನೇರ ತಟ್ಟೆಯ ಮೇಲಿಟ್ಟರೆ ಹಬೆ ಅಡಿಯಲ್ಲೇ ನೀರಾಗಿ ಕೆಳಪದರ ನೆನೆಯುತ್ತೆ. ಜಾಲರಿ ಇಲ್ಲದ ಕಡೆ ತುಂಡುಗಳನ್ನು ಮಗ್ಗುಲಾಗಿ ಹೊರಳಿಸಿಡಿ, ಕತ್ತರಿಸಿದ ಮುಖ ಮೇಲೆ ಬರಲಿ. ಮೊದಲು ನಡುವಿನ ತುಂಡು ತಿನ್ನಿ, ಅದಕ್ಕೆ ಬರೀ ಉಪ್ಪು ಸಾಕು. ಆಮೇಲೆ ಸಾಸು. ಗೆರೆಗೆರೆ ಇರೋ ಪುಟ್ಟ ಮಣ್ಣಿನ ಬಟ್ಟಲಲ್ಲಿ ಎಳ್ಳು, ಜೊತೆಗೊಂದು ಕಟ್ಟಿಗೆಯ ಕೋಲು ಕೊಟ್ಟರೆ ಘಮ ಬರೋವರೆಗೆ, ಅರ್ಧ ಕಾಳು ಒಡೆಯೋವರೆಗೆ ತಿಕ್ಕಿ ನಿಲ್ಲಿಸಿ. ನುಣ್ಣಗೆ ಮಾಡಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಅದರ ಮೇಲೆ ಎರಡು ಚಮಚ ಸಾಸು ಹಾಕಿ ತುಂಡಿನ ಒಂದು ತುದಿ ಮಾತ್ರ ಅದ್ದಿ. ಹಳದಿ ಸಾಸಿವೆ ಮುದ್ದೆ, ಅಂದರೆ ಕರಾಶಿ, ಕಡಲೆಕಾಳಿನಷ್ಟು ಮೀರಬಾರದು. ನಮ್ಮ ಒಗ್ಗರಣೆ ಸಾಸಿವೆ ಕಾದ ಎಣ್ಣೆಯಲ್ಲಿ ಘಾಟು ಕಳಕೊಂಡಿರುತ್ತೆ, ಇದು ಹಸಿ ಪುಡಿ ಕಲಸಿದ್ದು, ನೇರ ಮೂಗಿಗೆ ಏರುತ್ತೆ.

ನಾಗೋಯಾದಲ್ಲಿ ಮಾತ್ರ ಈ ನಿಯಮ ನಡೆಯಲ್ಲ. 1947ರ ಯಾಬಾತೊನ್‌ನಂಥ ಕಡೆ ಕಪ್ಪು ಮಿಸೊ ಸಾಸನ್ನು ಅವರೇ ಮೇಲೆ ಹೊಯ್ಯುತ್ತಾರೆ. ಅಲ್ಲಿ ಬೇಗ ತಿನ್ನೋದೊಂದೇ ದಾರಿ.

ಕಾತ್ಸುವಿನ ನಡುವೆ ತಿಳಿ ಗುಲಾಬಿ ಬಣ್ಣ ಕಂಡರೆ ಹೆದರಬೇಡಿ. ಹೋಟೆಲಿನಲ್ಲಿ ಹಸಿ ಹಂದಿ ಮಾಂಸ ಕೊಡೋದನ್ನು ಜಪಾನ್ 2015ರಲ್ಲೇ ನಿಷೇಧಿಸಿದೆ. ಒಳಭಾಗ 63 ಡಿಗ್ರಿಯಲ್ಲಿ 30 ನಿಮಿಷ, ಇಲ್ಲವೇ ಅದಕ್ಕೆ ಸಮನಾಗಿ ಬೇಯಬೇಕು ಅನ್ನೋದು ನಿಯಮ. ಈ ಧೈರ್ಯ ಅಲ್ಲಿಗಷ್ಟೇ, ಮನೆಯಲ್ಲಿ ಮಾಡುವಾಗ ಬೇಡ.

ಜೊತೆಯಲ್ಲಿ ಮಾಂಸ ತಿನ್ನದವರಿದ್ದರೆ ಅವರನ್ನು ಇಲ್ಲಿಗೆ ಎಳೆದೊಯ್ಯಬೇಡಿ. ಕೊರೊಕ್ಕೆ ಅನ್ನೋ ಆಲೂಗಡ್ಡೆ ಕಟ್ಲೆಟ್ ಇದೆಯಲ್ಲ ಅನ್ನಿಸಬಹುದು, ಅದನ್ನು ಕರಿಯೋದೂ ಅದೇ ಎಣ್ಣೆಯಲ್ಲಿ, ಎಷ್ಟೋ ಕಡೆ ಅದು ಹಂದಿಯ ಕೊಬ್ಬು. ಮಿಸೊ ಸಾರಿನಲ್ಲಿ ಮೀನಿನ ರಸ ಇರುತ್ತೆ. ಹಂದಿ ಬೇಡವೆಂದು ಚಿಕನ್ ಕಾತ್ಸು ಕೇಳುವವರಿಗೂ ಎಣ್ಣೆಯ ತೊಂದರೆ ತಪ್ಪಿದ್ದಲ್ಲ. ದನದ ಮಾಂಸ ಬೇಡ ಅನ್ನುವವರು ಕೈಮಾದಿಂದ ಮಾಡುವ ಮೆಂಚಿ ಕಾತ್ಸು ಬಿಡಿ, ಅದರಲ್ಲಿ ದನ, ಹಂದಿ ಎರಡೂ ಬೆರೆತಿರೋದು ಸಾಮಾನ್ಯ.

ಊರಿಗೆ ಬಂದ ಮೇಲೆ ಮಾಡಬೇಕೆನ್ನಿಸಿದರೆ ಮೊದಲ ತಕರಾರು ಮಾಂಸದ ಅಂಗಡಿಯಲ್ಲೇ. ನಮ್ಮ ಕಡೆ ಚರ್ಮ, ಕೊಬ್ಬು, ಎಲುಬು ಸೇರಿಸಿ ಸಾರಿನ ತುಂಡು ಹೊಡೆದುಕೊಡೋದೇ ರೂಢಿ. ಕತ್ತಿ ಏಳುವ ಮೊದಲೇ ಹೇಳಿ: "ಅಣ್ಣಾ, ಬೆನ್ನಿನದು, ಎಲುಬು ಬೇಡ, ತುಂಡು ಮಾಡಬ್ಯಾಡ, ಇಡಿಯಾಗಿ ಕೊಡು." ಮನೆಯಲ್ಲಿ ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳು ಮಾಡಿ, ಒಂದೊಂದು ಸುಮಾರು 130 ಗ್ರಾಂ. ಕೊಬ್ಬು, ಮಾಂಸ ಸೇರುವ ಗೆರೆಯಲ್ಲಿ ಬಿಳಿ ನಾರಿರುತ್ತೆ, ಅದನ್ನು ಎರಡೆರಡು ಸೆಂಟಿಮೀಟರಿಗೊಂದು ಕಡೆ ಚಾಕುವಿನ ತುದಿಯಿಂದ ಕತ್ತರಿಸಿ. ಹಾಗೆ ಮಾಡದಿದ್ದರೆ ಕಾದ ಎಣ್ಣೆಯಲ್ಲಿ ಅದು ಸೆಟೆದು ಹೋಳು ಬಾಗುತ್ತೆ, ಹೊರಪದರ ಬಿರಿಯುತ್ತೆ.

ಬ್ರೆಡ್ಡಿನ ಪುಡಿಯಲ್ಲಿ ಎಡವುವವರೇ ಹೆಚ್ಚು. ಬೇಕರಿ ಕಟ್ಲೆಟ್ಟಿಗೆ ಹಾಕುವ ರಸ್ಕಿನ ಪುಡಿ ನುಣ್ಣಗಿರುತ್ತೆ, ಕರಿದರೆ ಗಟ್ಟಿ ಚಿಪ್ಪಾಗಿ ಹಬೆಯನ್ನು ಒಳಗೇ ಹಿಡಿದಿಡುತ್ತೆ. ಒಂದು ದಿನ ಹಳೆಯ ಬಿಳಿ ಬ್ರೆಡ್ಡಿನ ಅಂಚು ತೆಗೆದು, ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿಯಿರಿ. ಎರಡು ಹೋಳಿಗೆ ನಾಲ್ಕೈದು ಸ್ಲೈಸ್. ಸಿಹಿ ಬನ್ನು ಬೇಡ, ಒಳಗೆ ಬೇಯುವ ಮೊದಲೇ ಸಕ್ಕರೆ ಕಪ್ಪಾಗುತ್ತೆ. ಮಾಂಸದ ನೀರು ಒರೆಸಿ, ಉಪ್ಪು, ಮೆಣಸು, ಮೈದಾ ತೆಳ್ಳಗೆ, ಹೆಚ್ಚಾದದ್ದು ಕೊಡವಿ. ಮೈದಾ ದಪ್ಪವಾದರೂ ಮಾಂಸ ಒದ್ದೆಯಾಗಿದ್ದರೂ ಕತ್ತರಿಸುವಾಗ ಹೊರಪದರ ಹಾಳೆಯಾಗಿ ಕಳಚಿ ಬರುತ್ತೆ. ಮೊಟ್ಟೆಯಲ್ಲಿ ಅದ್ದಿ ಪುಡಿಯ ಗುಡ್ಡೆಯಲ್ಲಿ ಮುಚ್ಚಿ ಮೆಲ್ಲಗೆ ಒತ್ತಿ, ಹಪ್ಪಳದ ಹಾಗೆ ಅದುಮಬೇಡಿ.

ಎಣ್ಣೆ ನಾಲ್ಕು ಸೆಂಟಿಮೀಟರ್ ಆಳ, 170 ಡಿಗ್ರಿ. ಸ್ವಲ್ಪ ಪುಡಿ ಉದುರಿಸಿದರೆ ತಕ್ಷಣ ಸಣ್ಣ ಗುಳ್ಳೆ ಬಿಟ್ಟು ಹರಡಬೇಕು, ಕಪ್ಪಾಗಬಾರದು. ಒಂದು ಬಾಣಲೆಗೆ ಒಂದೇ ಹೋಳು. ಎರಡು ಹಾಕಿದರೆ ಎಣ್ಣೆ ತಣಿದು ಪುಡಿ ಅದನ್ನೇ ಕುಡಿಯುತ್ತೆ. ಮೂರು ನಿಮಿಷ ಮುಟ್ಟದೆ ಬಿಡಿ, ತಿರುವಿ ಇನ್ನೆರಡು ಮೂರು ನಿಮಿಷ. ದೊಡ್ಡ ಗುಳ್ಳೆ ಸಣ್ಣದಾಗಿ ಸದ್ದು ಚುರುಕಾದರೆ ತೆಗೆಯೋ ಹೊತ್ತು. ಪೇಪರಿನ ಮೇಲೆ ಮಲಗಿಸಬೇಡಿ, ಜಾಲರಿಯ ಮೇಲೆ ನಿಲ್ಲಿಸಿ ನಾಲ್ಕು ನಿಮಿಷ ಬಿಡಿ, ಒಳಗಿನ ಶಾಖ ಉಳಿದದ್ದನ್ನು ಬೇಯಿಸುತ್ತೆ. ಆಮೇಲೂ ನಡುವೆ ಗುಲಾಬಿ ಇದ್ದರೆ ಮತ್ತೆ ಒಂದು ನಿಮಿಷ ಎಣ್ಣೆಗೆ. ಥರ್ಮಾಮೀಟರ್ ಇದ್ದರೆ ನಡುವೆ 75 ಡಿಗ್ರಿ ನೋಡಿಕೊಳ್ಳಿ.

ಟೊಂಕಾತ್ಸು ಸಾಸು ಇಲ್ಲಿ ಸಿಗದಿದ್ದರೆ ಮೂರು ಚಮಚ ಟೊಮೆಟೊ ಕೆಚಪ್, ಎರಡು ಚಮಚ ವೂಸ್ಟರ್ ಸಾಸ್, ಅರ್ಧ ಚಮಚ ಸೋಯಾ, ಅರ್ಧ ಚಮಚ ಸಕ್ಕರೆ ಕಲಸಿ. ಎಲೆಕೋಸು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಲ್ಲಿಟ್ಟು ಚೆನ್ನಾಗಿ ಬಸಿಯಿರಿ, ನೀರುಳಿದರೆ ಅದೇ ತಟ್ಟೆಯಲ್ಲಿ ಹರಿದು ಕಾತ್ಸುವಿನ ಅಡಿ ಸೇರುತ್ತೆ.

ಮಿಕ್ಕಿದ್ದನ್ನು ಮತ್ತೆ ಕರಿಯಬೇಡಿ, ಮಾಂಸ ಚಕ್ಕಳವಾಗುತ್ತೆ. ಬಿಸಿ ಮಾಡಿ ಎರಡೂ ಕಡೆ ಸಾಸು ಧಾರಾಳವಾಗಿ ಸವರಿ, ಬೆಣ್ಣೆ ಹಚ್ಚಿದ ಬ್ರೆಡ್ಡಿನ ನಡುವೆ ಇಟ್ಟು, ಮೇಲೊಂದು ತಟ್ಟೆ ಹೇರಿ ಐದು ನಿಮಿಷ ಬಿಟ್ಟು ಮೂರು ತುಂಡು ಮಾಡಿ. ಟೋಕಿಯೊದ ಉಎನೊದಲ್ಲಿ 1930ರಲ್ಲಿ ಶುರುವಾದ ಇಸೆನ್ ಇದಕ್ಕೇ ಹೆಸರುವಾಸಿ, ಪೆಟ್ಟಿಗೆಯಲ್ಲಿ ಕಟ್ಟಿಕೊಡ್ತಾರೆ. ರೈಲಿನಲ್ಲಿ ತಿನ್ನೋದಕ್ಕೆ ಅದನ್ನೇ ಕಟ್ಟಿಸಿಕೊಳ್ಳಿ, ಬಿಸಿ ಕಾತ್ಸುವನ್ನಲ್ಲ.