ಎಂ.ಡಿ.–ಪಿಎಚ್.ಡಿ.: ಕಾಲೇಜಿನ ಹೆಸರಿಗಿಂತ ಮೊದಲು ಲ್ಯಾಬ್ ನೋಡಿ

ಅಮೆರಿಕದಲ್ಲಿ ವೈದ್ಯಕೀಯ ಪದವಿಯನ್ನೂ ಸಂಶೋಧನಾ ಪದವಿಯನ್ನೂ ಒಟ್ಟಿಗೆ ಕೊಡುವ ಎಂ.ಡಿ.–ಪಿಎಚ್.ಡಿ. ಕೋರ್ಸಿಗೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು ಮಂದಿ ಅರ್ಜಿ ಹಾಕುತ್ತಾರೆ. (ಅಲ್ಲಿ ಎಂ.ಡಿ. ಎಂದರೆ ನಮ್ಮ ಎಂಬಿಬಿಎಸ್ ಹಾಗೆ ವೈದ್ಯರಾಗುವ ಮೊದಲ ಪದವಿ.) ಸೇರುವವರು 700ರಷ್ಟು. ಅಲ್ಲಿನ ಕನ್ನಡದ ಮನೆಗಳಲ್ಲಿ ಈ ಮಾತು ಬಂದಾಗ ಮೊದಲು ಕೇಳುವುದು, "ಫೀಸೇ ಇಲ್ಲವಂತೆ, ಮೇಲೆ ಸ್ಟೈಪೆಂಡ್ ಬೇರೆ ಕೊಡ್ತಾರಂತೆ" ಅನ್ನುವುದು. ಬಹುಪಾಲು ಕಡೆ ಅದು ನಿಜ. ಆದರೆ ಆ ಕಾರಣಕ್ಕೆ ಸೇರಬೇಡಿ.

ಲೆಕ್ಕ ಹಾಕಿ ನೋಡಿ. ಬರೀ ಎಂ.ಡಿ.ಗೆ ನಾಲ್ಕು ವರ್ಷ. ಇದಕ್ಕೆ ಸರಾಸರಿ ಎಂಟು. ಸಾಲ ಮಾಡಿ ಎಂ.ಡಿ. ಓದಿದವರ ತಲೆಯ ಮೇಲಿನ ಸಾಲ ಸುಮಾರು ಎರಡು ಲಕ್ಷ ಡಾಲರ್. ಬಹುಪಾಲು ತಜ್ಞ ವೈದ್ಯರು ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ದುಡಿಯುತ್ತಾರೆ, ಇಲ್ಲಿ ಅಂಥ ನಾಲ್ಕು ವರ್ಷ ಹಿಂದೆ ಬೀಳುತ್ತೀರಿ. ಫೀಸಿಲ್ಲದ ಎಂ.ಡಿ.ಯೇ ಬೇಕಿದ್ದರೆ ನ್ಯೂಯಾರ್ಕ್ ವಿಶ್ವವಿದ್ಯಾಲಯ (ಎನ್‌ವೈಯು) 2018ರಿಂದ, ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು 2024ರಿಂದ ಬೋಧನಾ ಶುಲ್ಕ ತೆಗೆದುಹಾಕಿವೆ. ಸಂಶೋಧನೆಯೂ ಸ್ವಲ್ಪ ಇರಲಿ ಅನ್ನುವವರಿಗೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಲರ್ನರ್ ಕಾಲೇಜಿನ ಐದು ವರ್ಷದ ಎಂ.ಡಿ. ಇದೆ, ಅಲ್ಲೂ ಬೋಧನಾ ಶುಲ್ಕವಿಲ್ಲ. ಎಂಟು ವರ್ಷದ ದಾರಿ ಮುಂದೆ ವಾರದ ಬಹುಪಾಲು ಸಮಯ ಲ್ಯಾಬಿನಲ್ಲೇ ಕಳೆಯಬೇಕು ಅನ್ನುವವರಿಗೆ ಮಾತ್ರ.

ಸಾಮಾನ್ಯ ಕ್ರಮ ಹೀಗಿದೆ: ಎರಡು ವರ್ಷ ವೈದ್ಯಕೀಯ ಪಾಠ, ಮೂರರಿಂದ ಐದು ವರ್ಷ ಪಿಎಚ್.ಡಿ., ಮತ್ತೆ ಎರಡು ವರ್ಷ ಆಸ್ಪತ್ರೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಒಂದೇ ವರ್ಷ. ಎರಡನೇ ವರ್ಷವೇ ವಾರ್ಡಿಗೆ ಹೋಗಿ, ಆಮೇಲೆ ಲ್ಯಾಬ್ ಸೇರುತ್ತಾರೆ. ರೋಗಿಗಳನ್ನು ನೋಡಿದ ಮೇಲೆ ಸಂಶೋಧನೆಯ ಪ್ರಶ್ನೆ ಹುಡುಕುವುದಕ್ಕೂ ಪುಸ್ತಕ ಓದಿ ಹುಡುಕುವುದಕ್ಕೂ ವ್ಯತ್ಯಾಸ ಇದೆ. ಹಾಗಾಗಿ ಈ ಕ್ರಮವನ್ನು ತಪ್ಪದೆ ವಿಚಾರಿಸಿ.

ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1964ರಲ್ಲಿ ಈ ಜೋಡಿ ಪದವಿಯವರಿಗೆಂದೇ ಶುರು ಮಾಡಿದ ಎಂಎಸ್‌ಟಿಪಿ ಅನುದಾನ ಈಗ 50ಕ್ಕೂ ಹೆಚ್ಚು ಕಾಲೇಜುಗಳಿಗೆ ಸಿಗುತ್ತದೆ. ಅದಿಲ್ಲದ ಒಳ್ಳೆಯ ಕಾಲೇಜುಗಳೂ ಇವೆ. ಅಲ್ಲಿ ಕೇಳಬೇಕಾದ್ದು ಒಂದೇ: ಎಂ.ಡಿ.ಯ ನಾಲ್ಕೂ ವರ್ಷಕ್ಕೆ ಫೀಸಿನ ಮಾಫಿ, ಸ್ಟೈಪೆಂಡ್ ಎರಡೂ ಇವೆಯೇ, ಪಿಎಚ್.ಡಿ. ವರ್ಷಗಳಿಗೆ ಮಾತ್ರವೇ?

ರ‍್ಯಾಂಕಿಂಗ್ ಪಟ್ಟಿ ಬದಿಗಿಡಿ. ಒಂದೊಂದು ಕಾಲೇಜಿನಲ್ಲೂ ನೀವು ಸೇರಲು ಮನಸ್ಸು ಮಾಡಬಹುದಾದ ನಾಲ್ಕೈದು ಪಿ.ಐ.ಗಳ (ಲ್ಯಾಬ್ ನಡೆಸುವ ಮುಖ್ಯ ಸಂಶೋಧಕರ) ಹೆಸರು ಬರೆದುಕೊಳ್ಳಿ. ಒಬ್ಬರೇ ಸಿಕ್ಕಿದರೆ ಆ ಕಾಲೇಜು ಬೇಡ. ನೀವು ಅರ್ಜಿ ಹಾಕಿದ ದಿನದಿಂದ ಲ್ಯಾಬ್ ಸೇರುವ ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಅವರು ಬೇರೆ ಊರಿಗೆ ಹೋಗಿರಬಹುದು, ಅನುದಾನ ನಿಂತಿರಬಹುದು, ಲ್ಯಾಬಿನಲ್ಲಿ ಜಾಗವೇ ಇಲ್ಲದಿರಬಹುದು. ಎನ್‌ಐಎಚ್ ರಿಪೋರ್ಟರ್ ಅನ್ನುವ ಸಾರ್ವಜನಿಕ ತಾಣದಲ್ಲಿ ಪಿ.ಐ. ಹೆಸರು ಹಾಕಿದರೆ ಅವರ ಅನುದಾನ ಯಾವಾಗ ಮುಗಿಯುತ್ತದೆ ಅನ್ನುವುದು ಕಾಣುತ್ತದೆ. ಅವರ ಕೈಕೆಳಗೆ ಹಿಂದೆ ಎಂ.ಡಿ.–ಪಿಎಚ್.ಡಿ. ವಿದ್ಯಾರ್ಥಿಗಳು ಇದ್ದರೇ, ಎಷ್ಟು ವರ್ಷಕ್ಕೆ ಹೊರಬಂದರು ಅನ್ನುವುದನ್ನು ಅಲ್ಲಿನ ಈಗಿನ ವಿದ್ಯಾರ್ಥಿಗಳನ್ನೇ ಕೇಳಿ. ಪಿಎಚ್.ಡಿ. ಮುಗಿಸಿ ವಾರ್ಡಿಗೆ ಮರಳಲು ವರ್ಷದಲ್ಲಿ ಎಷ್ಟು ಸಲ ಅವಕಾಶ ಇದೆ ಅನ್ನುವುದನ್ನೂ ಕೇಳಿ. ವರ್ಷಕ್ಕೊಂದೇ ಸಲವಾದರೆ, ಥೀಸಿಸ್ ಒಂದು ತಿಂಗಳು ತಡವಾದದ್ದಕ್ಕೆ ಇಡೀ ವರ್ಷ ಹೋಗುತ್ತದೆ.

ಬಹುಪಾಲು ಕಡೆ ಅರ್ಜಿ ಎಎಂಕಾಸ್ ಅನ್ನುವ ಸಾಮಾನ್ಯ ಅರ್ಜಿ ತಾಣದ ಮೂಲಕ. ಮೇ ತಿಂಗಳಲ್ಲಿ ತೆರೆಯುತ್ತದೆ. ಮೇ ಕೊನೆ ಇಲ್ಲವೇ ಜೂನ್ ಮೊದಲಲ್ಲಿ ಸಲ್ಲಿಸುವುದು ಒಳ್ಳೆಯದು, ಯಾಕೆಂದರೆ ಅಂಕಪಟ್ಟಿ ತಾಳೆ ನೋಡುವುದಕ್ಕೇ ಬೇಸಿಗೆಯ ನೂಕುನುಗ್ಗಲಲ್ಲಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೈಸ್ಕೂಲಿನಲ್ಲಿದ್ದಾಗಲೇ ಪಕ್ಕದ ಕಮ್ಯುನಿಟಿ ಕಾಲೇಜಿಗೂ ಸೇರಿ (ಡ್ಯುಯಲ್ ಎನ್‌ರೋಲ್‌ಮೆಂಟ್) ಮಾಡಿದ ಒಂದೆರಡು ಕೋರ್ಸಿನ ಅಂಕಪಟ್ಟಿಯೂ ಬೇಕು. ನಮ್ಮವರ ಮಕ್ಕಳಲ್ಲಿ ಹಾಗೆ ಓದಿದವರು ಬಹಳ. ಅದನ್ನು ಮರೆತರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಈ ಕೋರ್ಸಿಗೆ ಸೇರಿದವರ ಸರಾಸರಿ, ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 528ಕ್ಕೆ 516ರ ಹತ್ತಿರ, ಕಾಲೇಜಿನ ಅಂಕಗಳ ಸರಾಸರಿಯಾದ ಜಿಪಿಎ 4ಕ್ಕೆ 3.8ರ ಹತ್ತಿರ. ಆದರೆ ಸಂಶೋಧನೆ ಮಾಡದವರಿಗೆ 525 ಬಂದರೂ ಪ್ರಯೋಜನವಿಲ್ಲ. ಪ್ರಕಟವಾದ ಪೇಪರ್ ಇರಲೇಬೇಕೆಂದಿಲ್ಲ. ಒಂದೇ ಲ್ಯಾಬಿನಲ್ಲಿ ಎರಡು ವರ್ಷ ಕೂತು ಒಂದು ಪ್ರಶ್ನೆಯನ್ನು ಬೆನ್ನು ಹತ್ತಿದ್ದು, ನಾಲ್ಕು ಲ್ಯಾಬಿನಲ್ಲಿ ಒಂದೊಂದು ಬೇಸಿಗೆ ಕಳೆದದ್ದಕ್ಕಿಂತ ಹೆಚ್ಚು ತೂಗುತ್ತದೆ.

ಪ್ರಬಂಧಗಳು ಮೂರು: ಎಲ್ಲರೂ ಬರೆಯುವ 5,300 ಅಕ್ಷರಗಳದು, ಎರಡೂ ಪದವಿ ಯಾಕೆ ಅನ್ನುವ 3,000 ಅಕ್ಷರಗಳದು, ಸಂಶೋಧನೆಯ ಬಗ್ಗೆ 10,000 ಅಕ್ಷರಗಳದು. ಅಡಿಪಾಯ ಇರುವುದು ಕೊನೆಯದರಲ್ಲಿ. ಪೇಪರಿನ ಸಾರಾಂಶವನ್ನು ಎತ್ತಿ ಅಂಟಿಸುವುದು, ಎಲ್ಲ ಕಡೆ "ನಾವು ಮಾಡಿದೆವು" ಎಂದು ಬರೆಯುವುದು, ಕೈಕೊಟ್ಟ ಪ್ರಯೋಗಗಳನ್ನು ಮುಚ್ಚಿಡುವುದು: ಹೆಚ್ಚಿನವರು ಎಡವುವುದು ಈ ಮೂರರಲ್ಲಿ. ಪ್ರಶ್ನೆ ಏನಿತ್ತು, ಅದು ಯಾಕೆ ಮುಖ್ಯ, ನಿಮ್ಮ ಕೈಯಾರೆ ಮಾಡಿದ್ದೇನು, ಏನು ಬಂತು, ಬಾರದಿದ್ದಾಗ ಏನು ಬದಲಿಸಿದಿರಿ? ಇಷ್ಟನ್ನು ಬರೆಯಿರಿ. ಸಂದರ್ಶನದಲ್ಲಿ ಕೇಳುವುದೂ ಇದನ್ನೇ: "ಹೋಲಿಕೆಗೆ ಕಂಟ್ರೋಲ್ ಏನಿಟ್ಟಿದ್ದಿರಿ? ಫಲಿತಾಂಶ ಉಲ್ಟಾ ಬಂದಿದ್ದರೆ?"

3,000 ಅಕ್ಷರದ ಉತ್ತರ ಬರೀ ಪಿಎಚ್.ಡಿ.ಗೂ ಒಪ್ಪುವಂತಿದ್ದರೆ ಓದುವವರು ಅದನ್ನೇ ಹಿಡಿದು ಕೇಳುತ್ತಾರೆ. ಸಿಕಲ್ ಸೆಲ್ ಅನ್ನುವ ಆನುವಂಶಿಕ ರಕ್ತದ ರೋಗವನ್ನೇ ತೆಗೆದುಕೊಳ್ಳಿ: ಒಂದೇ ಜೀನ್ ದೋಷ ಇದ್ದರೂ ಒಬ್ಬರಿಗೆ ಪದೇ ಪದೇ ನೋವು, ಇನ್ನೊಬ್ಬರಿಗೆ ಅಷ್ಟಿಲ್ಲ. ಕ್ಲಿನಿಕ್‌ನಲ್ಲಿ ಕಂಡ ಈ ವ್ಯತ್ಯಾಸವೇ ಲ್ಯಾಬಿನ ಪ್ರಶ್ನೆಯಾಗುತ್ತದೆ ಎಂದು ತೋರಿಸಬಲ್ಲವರಿಗೆ ಎರಡೂ ಪದವಿ ಯಾಕೆ ಬೇಕು ಅನ್ನುವುದು ತಾನಾಗಿ ಸ್ಪಷ್ಟವಾಗುತ್ತದೆ.

ಶಿಫಾರಸು ಪತ್ರಗಳು ಹತ್ತರವರೆಗೆ ಸೇರಿಸಬಹುದು. ಹೆಚ್ಚು ಕಾಲ ಕೆಲಸ ಮಾಡಿದ ಲ್ಯಾಬಿನ ಪಿ.ಐ. ಪತ್ರ ಇಲ್ಲದಿದ್ದರೆ ಏನೋ ಆಗಿದೆ ಎಂದೇ ಓದಿಕೊಳ್ಳುತ್ತಾರೆ. ದಿನನಿತ್ಯ ಕಲಿಸಿದವರು ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಲ್ಯಾಬಿನಲ್ಲಿರುವ ಸಂಶೋಧಕರು) ಆಗಿದ್ದರೆ ಪತ್ರವನ್ನು ಅವರೂ ಪಿ.ಐ.ಯೂ ಸೇರಿ ಬರೆದು ಸಹಿ ಹಾಕಲಿ. ಎಂ.ಡಿ.–ಪಿಎಚ್.ಡಿ. ಸಿಗದಿದ್ದರೆ ಬರೀ ಎಂ.ಡಿ.ಗೆ ಪರಿಗಣಿಸುತ್ತಾರೆಯೇ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ, ಮೊದಲೇ ನೋಡಿಡಿ. ಹಲವು ಸೀಟು ಕೈಯಲ್ಲಿದ್ದರೆ ಏಪ್ರಿಲ್ 30ರೊಳಗೆ ಒಂದನ್ನು ಉಳಿಸಿಕೊಂಡು ಉಳಿದವನ್ನು ಬಿಡಬೇಕು.

ವೀಸಾದ ವಿಷಯ ತಂದೆತಾಯಂದಿರು ಬಹಳ ತಡವಾಗಿ ಯೋಚಿಸುತ್ತಾರೆ. ಎಂಎಸ್‌ಟಿಪಿ ಅನುದಾನ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಎಚ್‌4ನಲ್ಲಿ (ಎಚ್‌1ಬಿ ಕೆಲಸದ ವೀಸಾದವರ ಅವಲಂಬಿತರಿಗೆ ಕೊಡುವ ವೀಸಾ) ಬೆಳೆದ ಮಗು ಎರಡನೇ ಕ್ಲಾಸಿನಿಂದ ಅಲ್ಲೇ ಓದಿದ್ದರೂ ಅರ್ಜಿಯ ಮಟ್ಟಿಗೆ ವಿದೇಶಿ ವಿದ್ಯಾರ್ಥಿ. 21 ತುಂಬಿದರೆ ಎಚ್‌4 ಕೂಡ ಹೋಗುತ್ತದೆ. ಕೆಲವು ಕಾಲೇಜುಗಳು ಇಂಥವರನ್ನು ಸ್ವಂತ ಹಣದಿಂದ ಸೇರಿಸಿಕೊಳ್ಳುತ್ತವೆ. ನಿಮ್ಮ ಪಟ್ಟಿ ಅಲ್ಲಿಂದ ಶುರುವಾಗಲಿ.

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಇದು ಸರಿಯಾದ ಬಾಗಿಲಲ್ಲ, ಮತ್ತೊಮ್ಮೆ ಎಂ.ಡಿ. ಓದುವ ಅಗತ್ಯವೂ ಇಲ್ಲ. ನೇರ ಪಿಎಚ್.ಡಿ.ಗೆ ಹೋಗಬಹುದು. ಇಲ್ಲವೇ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿನ ತಜ್ಞ ತರಬೇತಿ) ಸೇರಿ, ಇಂಟರ್ನಲ್ ಮೆಡಿಸಿನ್‌ನ ಸಂಶೋಧನಾ ಮಾರ್ಗ ಹಿಡಿಯಬಹುದು. ಅದರಲ್ಲಿ ಮೂರು ವರ್ಷ ಶೇ. 80ರಷ್ಟು ಸಮಯ ಲ್ಯಾಬಿಗೇ ಮೀಸಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2022ರಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಘೋಷಿಸಿದಾಗ ಎಂ.ಡಿ.–ಪಿಎಚ್.ಡಿ. ಜೋಡಿ ಪದವಿಯನ್ನು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿ ಹೇಳಿದೆ. ಎಂಬಿಬಿಎಸ್ ಆದವರು ಆ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ.